ಮಗಳ ಕಾಲೇಜು: ತಯಾರಿ ಮನೆಯಿಂದಲೇ ಶುರುವಾಗಲಿ

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಸಂತೋಷದ ಜೊತೆಗೆ ಒಂದು ಬಗೆಯ ಗಡಿಬಿಡಿಯೂ ಶುರುವಾಗುತ್ತದೆ. ಮಗಳು ಒಳ್ಳೆಯ ಅಂಕ ತೆಗೆದಿದ್ದಾಳೆ. ಮುಂದೇನು? ಯಾವ ಕಾಲೇಜು? ಫೀಸು ಎಷ್ಟು? ಸ್ಕಾಲರ್‌ಶಿಪ್ ಸಿಗಬಹುದೇ? ನೆರೆಮನೆಯವರು ಒಂದು ಹೇಳುತ್ತಾರೆ, ಸಂಬಂಧಿಕರು ಇನ್ನೊಂದು ಹೇಳುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಉದ್ದದ ಪಟ್ಟಿ ಮೂರನೆಯದನ್ನು ಹೇಳುತ್ತದೆ. ಈ ನಡುವೆ ಏಜೆಂಟನೊಬ್ಬ ಫೋನ್ ಮಾಡಿ, ‘ಸೀಟು ನಾನು ಮಾಡಿಸಿಕೊಡುತ್ತೇನೆ, ಇಂದೇ ಮುಂಗಡ ಕಟ್ಟಿ’ ಎನ್ನುತ್ತಾನೆ. ಕೊನೆಗೆ ದಿನಾಂಕ ಮುಗಿದು ಹೋಗಿರುತ್ತದೆ. ‘ಈ ವರ್ಷ ಬೇಡ, ಮನೆಯಲ್ಲೇ ಇರಲಿ’ ಎಂಬ ಮಾತು ಬರುತ್ತದೆ. ಹೀಗೆ ಮನೆಯಲ್ಲಿ ಉಳಿದ ಎಷ್ಟೋ ಹೆಣ್ಣು ಮಕ್ಕಳು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದೇ ಇಲ್ಲ.

ಇಲ್ಲಿ ಕೊರತೆ ಮಗಳ ಅಂಕದ್ದಲ್ಲ. ಹಲವು ಬಾರಿ ಹಣದ್ದೂ ಅಲ್ಲ. ಕೊರತೆ ಮಾಹಿತಿಯದ್ದು ಮತ್ತು ಮುಂಚಿತವಾದ ತಯಾರಿಯದ್ದು. ಇಂದು ಕರ್ನಾಟಕದಲ್ಲಿ ಪ್ರವೇಶ, ಮೀಸಲಾತಿ, ವಿದ್ಯಾರ್ಥಿವೇತನ, ಸಾಲ ಎಲ್ಲವೂ ಆನ್‌ಲೈನ್ ಮೂಲಕವೇ ನಡೆಯುತ್ತವೆ. ಮನೆಯಲ್ಲಿರುವ ಒಂದು ಸಾಧಾರಣ ಮೊಬೈಲ್‌ನಲ್ಲಿ ತಾಯಿ ಮತ್ತು ಮಗಳು ಜೊತೆಗೆ ಕುಳಿತು ಇವನ್ನೆಲ್ಲ ನೋಡಬಹುದು. ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ನಂತರ ಮಾಡಬೇಕು ಎಂಬುದು ಗೊತ್ತಿರಬೇಕು. ಹೆಚ್ಚಿನವರು ಸ್ಕಾಲರ್‌ಶಿಪ್ ಹುಡುಕುವುದರಿಂದ ಆರಂಭಿಸುತ್ತಾರೆ. ನಿಜವಾಗಿ ಅದು ಮೂರನೆಯ ಹೆಜ್ಜೆ. ಮೊದಲನೆಯದು ದಾಖಲೆ ಪತ್ರ, ಎರಡನೆಯದು ಸೀಟು, ಮೂರನೆಯದು ವಿದ್ಯಾರ್ಥಿವೇತನ, ಕೊನೆಯದು ಸಾಲ.

ಮೊದಲು ಹೆಸರು ಸರಿಯಾಗಲಿ

ಎಸೆಸೆಲ್ಸಿ ಅಂಕಪಟ್ಟಿ, ಆಧಾರ್ ಕಾರ್ಡ್ ಮತ್ತು ಬ್ಯಾಂಕ್ ಪಾಸ್ ಪುಸ್ತಕ - ಈ ಮೂರನ್ನೂ ಒಮ್ಮೆ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿ. ಮೂರರಲ್ಲೂ ಮಗಳ ಹೆಸರು ಅಕ್ಷರಶಃ ಒಂದೇ ರೀತಿ ಇದೆಯೇ? ನಮ್ಮ ಸಮುದಾಯದಲ್ಲಿ ಈ ತೊಂದರೆ ಹೆಚ್ಚು. ಒಂದು ಕಡೆ ‘ಫಾತಿಮಾ’, ಇನ್ನೊಂದು ಕಡೆ ‘ಫಾತಿಮಾ ಬೀ’, ಮತ್ತೊಂದು ಕಡೆ ‘ಬೀಬಿ ಫಾತಿಮಾ’. ತಂದೆಯ ಹೆಸರಂತೂ ಒಂದರಲ್ಲಿ ಮುಹಮ್ಮದ್, ಮತ್ತೊಂದರಲ್ಲಿ ಮೊಹಮ್ಮದ್, ಮೂರನೆಯದರಲ್ಲಿ ಬರೀ ‘ಎಂ.ಡಿ.’ ಎಂದಿರುತ್ತದೆ! ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೂ ಕಂಪ್ಯೂಟರಿಗೆ ಅವರು ಬೇರೆ ಬೇರೆ ವ್ಯಕ್ತಿಗಳೇ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಅಂಕಪಟ್ಟಿಯಲ್ಲಿ ತಪ್ಪಿದ್ದರೆ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಕೊಟ್ಟು ತಿದ್ದಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಅಂಕಪಟ್ಟಿ ಸರಿಯಿದ್ದರೆ ಆಧಾರನ್ನು ಅದಕ್ಕೆ ಸರಿಹೊಂದಿಸುವುದು ಸುಲಭ. ಆದರೆ ಒಂದು ಮಾತು ನೆನಪಿರಲಿ: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಸಾಮಾನ್ಯವಾಗಿ ಎರಡು ಅವಕಾಶ, ಜನ್ಮ ದಿನಾಂಕ ಬದಲಿಸಲು ಒಂದೇ ಅವಕಾಶ. ಆದ್ದರಿಂದ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡೇ ತಿದ್ದಿಸಿ.

ಎರಡನೆಯದು, ಮೊಬೈಲ್ ನಂಬರು. ಗಲ್ಫ್‌ನಲ್ಲಿ ದುಡಿಯುವವರ ಮನೆಗಳಲ್ಲಿ ಮಗಳ ಆಧಾರ್‌ಗೆ ತಂದೆಯ ಊರಿನ ಹಳೆಯ ನಂಬರು ಜೋಡಣೆಯಾಗಿರುತ್ತದೆ. ಆ ಸಿಮ್ ಎಂದೋ ಬಂದ್ ಆಗಿರುತ್ತದೆ. ಅರ್ಜಿ ತುಂಬುವ ದಿನ ಒಟಿಪಿ ಎಲ್ಲಿಗೆ ಬರಬೇಕು? ಮನೆಯಲ್ಲಿ ಸದಾ ಚಾಲ್ತಿಯಲ್ಲಿರುವ, ತಾಯಿಯ ಅಥವಾ ಮಗಳದ್ದೇ ಆದ ನಂಬರನ್ನು ಆಧಾರ್ ಸೇವಾ ಕೇಂದ್ರದಲ್ಲಿ ಈಗಲೇ ಜೋಡಿಸಿ.

ಮೂರನೆಯದು, ಬ್ಯಾಂಕ್ ಖಾತೆ. ಸರಕಾರಿ ವಿದ್ಯಾರ್ಥಿವೇತನದ ಹಣ ಈಗ ಚೆಕ್ ಮೂಲಕ ಬರುವುದಿಲ್ಲ. ಮಗಳ ಹೆಸರಿನಲ್ಲಿರುವ, ಆಧಾರ್ ಸೀಡಿಂಗ್ ಆದ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಎರಡು ಬ್ಯಾಂಕುಗಳಲ್ಲಿ ಖಾತೆಯಿದ್ದರೆ, ಕೊನೆಯದಾಗಿ ಯಾವುದಕ್ಕೆ ಸೀಡಿಂಗ್ ಆಗಿದೆಯೋ ಅದಕ್ಕೆ ಹೋಗುತ್ತದೆ. ‘ಹಣ ಬಂದೇ ಇಲ್ಲ’ ಎನ್ನುವ ಕೆಲವರ ಹಣ ಅವರೇ ಮರೆತಿರುವ ಖಾತೆಯಲ್ಲಿ ಕುಳಿತಿರುತ್ತದೆ! ಯಾವ ಬ್ಯಾಂಕಿಗೆ ಸೀಡಿಂಗ್ ಆಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ನೋಡಬಹುದು.

ನಾಲ್ಕನೆಯದು, ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಸಿಗುವ ಈ ಪತ್ರದ ಮೇಲೆ ‘ಆರ್‌ಡಿ’ ಎಂದು ಆರಂಭವಾಗುವ ಒಂದು ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಗೂ ಸ್ಕಾಲರ್‌ಶಿಪ್ ಅರ್ಜಿಗೂ ಇದೇ ಕೀಲಿಕೈ. ಸಂಖ್ಯೆ ಹಾಕಿದೊಡನೆ ವಿವರಗಳು ಸರಕಾರದ ದಾಖಲೆಯಿಂದ ತಾವಾಗಿಯೇ ಬರುತ್ತವೆ. ಪತ್ರದ ಅವಧಿ ಮುಗಿದಿದ್ದರೆ ಅರ್ಜಿಯ ಕಾಲಕ್ಕೆ ಮೊದಲೇ ಹೊಸದನ್ನು ಮಾಡಿಸಿಕೊಳ್ಳಿ. ಪತ್ರ ಮಗಳ ಹೆಸರಿನಲ್ಲಿರಬೇಕು, ತಂದೆಯ ಹೆಸರಿನಲ್ಲಲ್ಲ.

ಸೀಟೇ ದೊಡ್ಡ ಸ್ಕಾಲರ್‌ಶಿಪ್

ಸರಕಾರಿ ವಿದ್ಯಾರ್ಥಿವೇತನ ವರ್ಷಕ್ಕೆ ಕೆಲವು ಸಾವಿರ ರೂಪಾಯಿ. ಆದರೆ ಒಂದೇ ಕಾಲೇಜಿನ ಒಂದೇ ಕೋರ್ಸಿನಲ್ಲಿ ಸರಕಾರಿ ಕೋಟಾದ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಇರುವ ಫೀಸಿನ ಅಂತರ ಲಕ್ಷಗಳಲ್ಲಿರುತ್ತದೆ. ಅಂದರೆ ಸರಿಯಾದ ಸೀಟು ಪಡೆಯುವುದೇ ಎಲ್ಲಕ್ಕಿಂತ ದೊಡ್ಡ ಆರ್ಥಿಕ ನೆರವು.

ಈ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. 1994ರಿಂದ ನಡೆದು ಬಂದ ಸಿಇಟಿಯ ಹೊಣೆ ಈಗ ಇದರದ್ದು. ಇಂಜಿನಿಯರಿಂಗ್ ಮಾತ್ರವಲ್ಲ, ಕೃಷಿ, ಪಶುವೈದ್ಯ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್ ಮುಂತಾದ ಕೋರ್ಸುಗಳ ಸರಕಾರಿ ಕೋಟಾದ ಸೀಟುಗಳೂ ಇಲ್ಲಿಂದಲೇ ಸಿಗುತ್ತವೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ಪಾಲು, ಸಿಇಟಿ ಅಂಕಕ್ಕೆ ಇನ್ನರ್ಧ ಪಾಲು. ಆದ್ದರಿಂದ ಪಿಯುಸಿಯನ್ನು ಹಗುರವಾಗಿ ಕಾಣುವಂತಿಲ್ಲ.

ವೈದ್ಯಕೀಯ ಕೋರ್ಸುಗಳಿಗೆ ನೀಟ್ ಬರೆಯಬೇಕು. ಅದರೊಂದಿಗೆ ಕೆಇಎಯಲ್ಲೂ ಹೆಸರು ನೋಂದಾಯಿಸಲೇಬೇಕು. ಸರಕಾರಿ ವೈದ್ಯಕೀಯ ಕಾಲೇಜುಗಳ ಶೇ. 15 ಸೀಟುಗಳು ಅಖಿಲ ಭಾರತ ಕೋಟಾದಲ್ಲಿ ದಿಲ್ಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ ಮೂಲಕ ಭರ್ತಿಯಾದರೆ, ಉಳಿದ ಶೇ. 85 ರಾಜ್ಯದ ಮೂಲಕ ಭರ್ತಿಯಾಗುತ್ತವೆ. ನೀಟ್ ಬರೆದು ಕೆಇಎ ನೋಂದಣಿಯನ್ನು ಮರೆತವರಿಗೆ ರಾಜ್ಯದ ಸೀಟಿನ ಬಾಗಿಲು ಮುಚ್ಚಿದಂತೆ.

ಕೆಇಎ ಅರ್ಜಿಯಲ್ಲಿ ಮೀಸಲಾತಿಯ ಕಾಲಂಗಳನ್ನು ಬಹಳ ಎಚ್ಚರಿಕೆಯಿಂದ ತುಂಬಬೇಕು. ರಾಜ್ಯದಲ್ಲಿ ಮುಸ್ಲಿಮರಿಗೆ ಪ್ರವರ್ಗ 2ಬಿಯಲ್ಲಿ ಶೇ. 4 ಮೀಸಲಾತಿ ಇದೆ. 2023ರ ಮಾರ್ಚ್‌ನಲ್ಲಿ ಇದನ್ನು ರದ್ದುಪಡಿಸುವ ಆದೇಶ ಹೊರಬಿದ್ದಿತ್ತು. ವಿಷಯ ಸುಪ್ರೀಮ್ ಕೋರ್ಟ್ ಮೆಟ್ಟಿಲೇರಿ, ಆದೇಶ ಜಾರಿಗೆ ಬರಲಿಲ್ಲ. ನದಾಫ್, ಪಿಂಜಾರ ಮುಂತಾದ ಪಂಗಡಗಳು ಪ್ರವರ್ಗ 1ರಲ್ಲಿ ಬರುತ್ತವೆ. ಇದಲ್ಲದೆ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಕಲಿತವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಕನ್ನಡ ಮಾಧ್ಯಮ ಕೋಟಾ ಇದೆ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371ಜೆ ವಿಧಿಯ ಸೌಲಭ್ಯವಿದೆ. ಒಬ್ಬಳೇ ಹುಡುಗಿಗೆ ಇವುಗಳಲ್ಲಿ ಎರಡು ಮೂರು ಅನ್ವಯಿಸಬಹುದು. ಆದರೆ ಕೇಳಿದವರಿಗೆ ಮಾತ್ರ ಸಿಗುತ್ತದೆ. ಅರ್ಜಿಯಲ್ಲಿ ಗುರುತು ಹಾಕದಿದ್ದರೆ, ಅದರ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ, ಯಾರೂ ಕರೆದು ಕೊಡುವುದಿಲ್ಲ. ಗಲ್ಫ್‌ನಲ್ಲಿ ಕಲಿತು ಬಂದ ಮಕ್ಕಳ ಪಾಲಕರು ಅರ್ಹತೆಯ ನಿಯಮಗಳನ್ನು ಕೆಇಎ ಮಾಹಿತಿ ಪುಸ್ತಕದಲ್ಲಿ ವಿಶೇಷವಾಗಿ ಓದಬೇಕು. ಕರ್ನಾಟಕದಲ್ಲಿ ಎಷ್ಟು ವರ್ಷ ಓದಿರಬೇಕು ಎಂಬ ಶರತ್ತು ಅಲ್ಲಿದೆ.

ಇಂಜಿನಿಯರಿಂಗ್ ಬಯಸುವವರು ತಿಳಿಯಬೇಕಾದ ಇನ್ನೊಂದು ಸೌಲಭ್ಯ ‘ಎಸ್ಎನ್‌ಕ್ಯೂ’. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿರುವ ವಿದ್ಯಾರ್ಥಿಗಳಿಗೆ ಕಾಲೇಜುಗಳಲ್ಲಿ ಹೆಚ್ಚುವರಿಯಾಗಿ ಶೇ. 5 ಸೀಟುಗಳಿರುತ್ತವೆ. ಇವುಗಳಿಗೆ ಬೋಧನಾ ಶುಲ್ಕ ಇಲ್ಲ. ಒಳ್ಳೆಯ ರ‍್ಯಾಂಕ್ ಪಡೆದ ಬಡ, ಮಧ್ಯಮ ವರ್ಗದ ಮಕ್ಕಳಿಗೆ ಇದು ದೊಡ್ಡ ವರದಾನ.

ಆಯ್ಕೆ ಪಟ್ಟಿಯ ಗುಟ್ಟು

ರ‍್ಯಾಂಕ್ ಬಂದ ಮೇಲೆ ‘ಆಪ್ಶನ್ ಎಂಟ್ರಿ’ ಎಂಬ ಹಂತವಿದೆ. ತಮಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ‘ದೊಡ್ಡ ಕಾಲೇಜನ್ನು ಮೊದಲು ಬರೆದರೆ ಸಣ್ಣದೂ ಕೈತಪ್ಪುತ್ತದೆ’ ಎಂಬ ಭಯ ಹಲವರಿಗಿದೆ. ಅದು ಸರಿಯಲ್ಲ. ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತಾ ಹೋಗುತ್ತದೆ. ಮಗಳ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಸಿಗದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಆದ್ದರಿಂದ ನಿಜವಾಗಿ ಇಷ್ಟವಿರುವುದನ್ನೇ ಮೇಲೆ ಬರೆಯಿರಿ. ಆದರೆ ಪಟ್ಟಿ ಉದ್ದವಿರಲಿ, ಕೊನೆಯಲ್ಲಿ ಖಂಡಿತ ಸಿಗಬಹುದಾದ, ಊರಿಗೆ ಹತ್ತಿರದ ಕಾಲೇಜುಗಳೂ ಇರಲಿ. ಹಿಂದಿನ ವರ್ಷ ಯಾವ ರ‍್ಯಾಂಕಿಗೆ ಯಾವ ಸೀಟು ಮುಗಿದಿತ್ತು ಎಂಬ ಪಟ್ಟಿ ಕೆಇಎ ವೆಬ್‌ಸೈಟ್‌ನಲ್ಲೇ ಸಿಗುತ್ತದೆ.

ಕಳುಹಿಸುವುದೇ ಇಲ್ಲ ಎಂದು ಮನೆಯಲ್ಲಿ ನಿರ್ಧರಿಸಿರುವ ದೂರದ ಊರಿನ ಕಾಲೇಜನ್ನು ಪಟ್ಟಿಯಲ್ಲಿ ಬರೆಯಬೇಡಿ. ಸೀಟು ಅಲ್ಲಿಯೇ ಸಿಕ್ಕಿದರೆ? ಹಾಸ್ಟೆಲ್, ಬಸ್ಸು, ಮನೆಗೆ ಬಂದು ಹೋಗುವ ದಾರಿ - ಇವೆಲ್ಲವನ್ನೂ ತಂದೆ, ತಾಯಿ, ಮಗಳು ಕುಳಿತು ಪಟ್ಟಿ ಬರೆಯುವ ಮುಂಚೆಯೇ ಮಾತಾಡಿಕೊಳ್ಳಬೇಕು. ಸೀಟು ಸಿಕ್ಕಿದ ಮೇಲೆ ಜಗಳವಾಡಿದರೆ ಕಣ್ಣೀರು ಮಗಳದ್ದು.

ಮೊದಲು ಅಣಕು ಹಂಚಿಕೆ ನಡೆಯುತ್ತದೆ. ಅದನ್ನು ನೋಡಿ ಪಟ್ಟಿಯನ್ನು ಬದಲಿಸಲು ಅವಕಾಶವಿದೆ. ನಿಜವಾದ ಸೀಟು ಹಂಚಿಕೆಯಾದಾಗ ನಾಲ್ಕು ‘ಚಾಯ್ಸ್’ಗಳು ಮುಂದೆ ಬರುತ್ತವೆ. ಮೊದಲನೆಯದು, ಸೀಟು ಒಪ್ಪಿ ಸೇರುವುದು. ಎರಡನೆಯದು, ಇದನ್ನು ಇಟ್ಟುಕೊಂಡು ಇನ್ನೂ ಉತ್ತಮವಾದುದಕ್ಕೆ ಕಾಯುವುದು. ಮೂರನೆಯದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಸಂಪೂರ್ಣ ಹೊರ ಬರುವುದು. ಈ ಗುಂಡಿ ಒತ್ತುವ ಕೆಲಸವನ್ನು ಸೈಬರ್ ಸೆಂಟರ್‌ನ ಹುಡುಗನಿಗೆ ವಹಿಸಿ ಮನೆಗೆ ಬರಬೇಡಿ. ಮೂರು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಯಿತೆಂದೇ ಅರ್ಥ.

ಸಿಇಟಿ ಮಾತ್ರವೇ ದಾರಿಯಲ್ಲ

ಬಿಎ, ಬಿಕಾಂ, ಬಿಎಸ್ಸಿ, ಬಿಸಿಎ ಬಯಸುವವರಿಗೆ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ‘ಯುಯುಸಿಎಂಎಸ್’ ಎಂಬ ಪೋರ್ಟಲ್ ಮೂಲಕ ನಡೆಯುತ್ತದೆ. ಊರಿನ ಸರಕಾರಿ ಪ್ರಥಮ ದರ್ಜೆ ಕಾಲೇಜನ್ನು ಕೀಳಾಗಿ ಕಾಣಬೇಡಿ. ಕಡಿಮೆ ಫೀಸಿನಲ್ಲಿ ಪದವಿ ಮುಗಿಸಿ ಬಿಎಡ್, ಎಂಕಾಂ ಮಾಡಿ ನೆಲೆ ಕಂಡ ಹೆಣ್ಣು ಮಕ್ಕಳು ಎಲ್ಲ ಊರುಗಳಲ್ಲೂ ಇದ್ದಾರೆ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂತಹ ಕೇಂದ್ರೀಯ ಸಂಸ್ಥೆಗಳಿಗೆ 2022ರಿಂದ ‘ಸಿಯುಇಟಿ’ ಎಂಬ ಪ್ರವೇಶ ಪರೀಕ್ಷೆ ಇದೆ. ವಿಜಯಪುರದಲ್ಲಿ ಮಹಿಳೆಯರಿಗೆಂದೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಇನ್ನು ಜೆಇಇ ಬರೆಯುವ ಹುಡುಗಿಯರಿಗೆ ಒಂದು ಸಿಹಿ ಸುದ್ದಿ: ಧಾರವಾಡದ ಐಐಟಿ, ಸುರತ್ಕಲ್‌ನ ಎನ್ಐಟಿ ಸೇರಿದಂತೆ ಈ ಸಂಸ್ಥೆಗಳಲ್ಲಿ ಹೆಣ್ಣು ಮಕ್ಕಳ ಪ್ರಮಾಣ ಹೆಚ್ಚಿಸಲು 2018ರಿಂದ ಅವರಿಗೆಂದೇ ಹೆಚ್ಚುವರಿ ಸೀಟುಗಳನ್ನು ಇಡಲಾಗಿದೆ.

ಯಾವ ಕಾಲೇಜೇ ಆಗಲಿ, ಹಣ ಕಟ್ಟುವ ಮುನ್ನ ಅದರ ಮಾನ್ಯತೆಯನ್ನು ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ತನ್ನ ವೆಬ್‌ಸೈಟ್‌ನಲ್ಲಿ ಪ್ರಕಟಿಸುತ್ತದೆ. ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಕೋರ್ಸುಗಳಲ್ಲಿ ಏಜೆಂಟರ ಕಾಟ ಹೆಚ್ಚು. ಬಣ್ಣದ ಪುಸ್ತಿಕೆಯನ್ನು ನಂಬಬೇಡಿ. ಬಿಎಸ್ಸಿ ನರ್ಸಿಂಗ್ ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿ ಹೆಸರಿದೆಯೇ, ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ನೋಡಿ. ಮಾನ್ಯತೆ ಇಲ್ಲದ ಕಡೆ ನಾಲ್ಕು ವರ್ಷ ಕಲಿತು ಬಂದವಳಿಗೆ ನೋಂದಣಿಯೂ ಸಿಗದು, ಕೆಲಸವೂ ಸಿಗದು. ಪ್ರವೇಶದ ಹೆಸರಿನಲ್ಲಿ ಮೂಲ ಅಂಕಪಟ್ಟಿಯನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಸ್ಪಷ್ಟಪಡಿಸಿದೆ. ಪರಿಶೀಲಿಸಿ ಹಿಂದಿರುಗಿಸಬೇಕು.

ವಿದ್ಯಾರ್ಥಿವೇತನ: ಇರುವುದು ಮತ್ತು ಇಲ್ಲದಿರುವುದು

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪಟ್ಟಿಗಳಲ್ಲಿ ನಿಂತು ಹೋದ ಯೋಜನೆಗಳ ಹೆಸರುಗಳು ಇನ್ನೂ ಇವೆ. ಅಲ್ಪಸಂಖ್ಯಾತರ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಮತ್ತು ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ಸಹಾಯಧನ ಕೊಡುತ್ತಿದ್ದ ‘ಪಢೋ ಪರದೇಶ್’ ಯೋಜನೆ 2022-23ರಿಂದ ನಿಂತಿವೆ. ಬೇಗಂ ಹಝ್ರತ್ ಮಹಲ್ ವಿದ್ಯಾರ್ಥಿನಿ ವೇತನ ಕೊಡುತ್ತಿದ್ದ ಮೌಲಾನಾ ಆಝಾದ್ ಎಜುಕೇಶನ್ ಫೌಂಡೇಶನನ್ನು ಮುಚ್ಚುವ ಆದೇಶ 2024ರಲ್ಲಿ ಬಂತು. ಇವುಗಳ ಹೆಸರಿನಲ್ಲಿ ಯಾರಾದರೂ ಅರ್ಜಿ ತುಂಬಿಸಿ ಹಣ ಕೇಳಿದರೆ ಎಚ್ಚರ!

ಇರುವುದರ ಬಗ್ಗೆ ನೋಡೋಣ. ರಾಜ್ಯ ಸರಕಾರದ ಎಲ್ಲ ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ‘ಎಸ್ಎಸ್‌ಪಿ’ ಎಂಬ ಒಂದೇ ಪೋರ್ಟಲ್ ಇದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಇಲ್ಲೇ ಅರ್ಜಿ ಹಾಕಬೇಕು. ರೈತರ ಮಕ್ಕಳಿಗಾಗಿ 2021ರಲ್ಲಿ ‘ರೈತ ವಿದ್ಯಾನಿಧಿ’ ಆರಂಭವಾಯಿತು. ಅದರಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಸ್ವಲ್ಪ ಹೆಚ್ಚು ಮೊತ್ತ ನಿಗದಿಯಾಗಿದೆ.

ಕೇಂದ್ರದ ಯೋಜನೆಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಇದೆ. ಇಲ್ಲಿ ಮೊದಲು ‘ಒಟಿಆರ್’ ಎಂಬ ಒಂದು ಬಾರಿಯ ನೋಂದಣಿ ಮಾಡಿ ಸಂಖ್ಯೆ ಪಡೆಯಬೇಕು. ಅದು ಮುಂದಿನ ಎಲ್ಲ ವರ್ಷಗಳಿಗೂ ಬೇಕು, ಬರೆದಿಟ್ಟುಕೊಳ್ಳಿ. ಧರ್ಮ, ಜಾತಿ ನೋಡದೆ ಅಂಕದ ಮೇಲೆ ಕೊಡುವ ಎರಡು ಯೋಜನೆಗಳನ್ನು ನಮ್ಮ ಮನೆಗಳಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ. ಒಂದು, ಪದವಿ ವಿದ್ಯಾರ್ಥಿಗಳಿಗಿರುವ ಕೇಂದ್ರ ವಲಯದ ವಿದ್ಯಾರ್ಥಿವೇತನ. ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 20ರೊಳಗೆ ಬಂದವರು, ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಅರ್ಜಿ ಹಾಕಬಹುದು. ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರದಲ್ಲಿ 20,000. ಪ್ರತಿ ವರ್ಷದ 82,000 ಹೊಸ ವಿದ್ಯಾರ್ಥಿವೇತನಗಳಲ್ಲಿ ಅರ್ಧ ಹೆಣ್ಣು ಮಕ್ಕಳಿಗೆ ಮೀಸಲು. ಇನ್ನೊಂದು, ಎಐಸಿಟಿಇಯ ‘ಪ್ರಗತಿ’. ಇಂಜಿನಿಯರಿಂಗ್‌ನಂತಹ ತಾಂತ್ರಿಕ ಪದವಿ ಅಥವಾ ಡಿಪ್ಲೊಮಾ ಸೇರಿದ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ. ಒಂದು ಕುಟುಂಬದ ಇಬ್ಬರು ಹೆಣ್ಣು ಮಕ್ಕಳಿಗೆ ಅವಕಾಶ, ಆದಾಯದ ಮಿತಿ 8 ಲಕ್ಷ.

ಸರಕಾರಿ ಶಾಲೆ ಮತ್ತು ಸರಕಾರಿ ಪಿಯು ಕಾಲೇಜಿನಲ್ಲಿ ಕಲಿತ ಹುಡುಗಿಯರಿಗೆ ಅಝೀಮ್ ಪ್ರೇಮ್‌ಜಿ ಫೌಂಡೇಶನ್ ಪದವಿ ಅಥವಾ ಡಿಪ್ಲೊಮಾ ಓದಲು ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. 2025ರಿಂದ ಕರ್ನಾಟಕವೂ ಇದರಲ್ಲಿ ಸೇರಿದೆ.

ಆದರೆ ಒಂದು ಕಹಿ ಸತ್ಯ ಹೇಳಲೇಬೇಕು. ವಿದ್ಯಾರ್ಥಿವೇತನದ ಹಣ ಫೀಸು ಕಟ್ಟುವ ದಿನ ಕೈಗೆ ಬರುವುದಿಲ್ಲ. ಕೆಲವೊಮ್ಮೆ ವರ್ಷದ ಕೊನೆಗೆ ಬರುತ್ತದೆ. ಮೊದಲ ಕಂತಿನ ಹಣವನ್ನು ಬೇರೆ ಕಡೆಯಿಂದ ಹೊಂದಿಸಿಕೊಂಡಿರಬೇಕು. ಹೆಚ್ಚಿನ ಯೋಜನೆಗಳಲ್ಲಿ ಪ್ರತಿ ವರ್ಷ ನವೀಕರಣವೂ ಮಾಡಬೇಕು. ಅರ್ಜಿ ಹಾಕಿದ ಮೇಲೆ ಕಾಲೇಜು ಅದನ್ನು ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಕಾಲೇಜಿನ ಗುಮಾಸ್ತರಲ್ಲಿ ‘ನನ್ನ ಅರ್ಜಿ ಮುಂದೆ ಹೋಯಿತೇ?’ ಎಂದು ಮಗಳೇ ಹೋಗಿ ಕೇಳಲಿ. ಸಂಕೋಚ ಬೇಡ.

ಸಾಲ ಕೊನೆಯ ಮೆಟ್ಟಿಲು

ಇಷ್ಟೆಲ್ಲ ಆದ ಮೇಲೂ ಹಣ ಸಾಲದಿದ್ದರೆ ಮಾತ್ರ ಸಾಲದ ಮಾತು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆ ಸಿಇಟಿ ಅಥವಾ ನೀಟ್ ಮೂಲಕ ವೃತ್ತಿಪರ ಕೋರ್ಸಿನ ಸೀಟು ಪಡೆಯುವವರಿಗಾಗಿ ಇದೆ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ಇದರ ಮೇಲೆ ಶೇ. 2 ಸೇವಾ ಶುಲ್ಕವಿದೆ. ಬಡ್ಡಿಯಿಂದ ದೂರವಿರಬೇಕೆಂದು ಬ್ಯಾಂಕ್ ಸಾಲದ ಕಡೆ ನೋಡದ ಕುಟುಂಬಗಳಲ್ಲಿ ಈ ಸೇವಾ ಶುಲ್ಕದ ಬಗ್ಗೆಯೂ ಪ್ರಶ್ನೆಯಿದ್ದರೆ, ಬಲ್ಲ ಉಲಮಾಗಳಲ್ಲಿ ಮೊದಲೇ ವಿಚಾರಿಸಿಕೊಳ್ಳಲಿ. ಸೀಟು ಕೈಗೆ ಬಂದ ಮೇಲೆ ಗೊಂದಲಕ್ಕೆ ಬೀಳುವುದು ಬೇಡ. ಅರ್ಜಿಯ ದಿನಾಂಕವನ್ನು ನಿಗಮದ ವೆಬ್‌ಸೈಟ್‌ನಲ್ಲಿ ನೋಡುತ್ತಿರಬೇಕು. ಪ್ರತಿ ಜಿಲ್ಲೆಯಲ್ಲೂ ನಿಗಮದ ಕಚೇರಿ ಇದೆ.

ಬ್ಯಾಂಕ್ ಸಾಲವನ್ನೇ ನೋಡುವವರಿಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಪಿಎಂ ವಿದ್ಯಾಲಕ್ಷ್ಮಿ’ ಯೋಜನೆ ಇದೆ. ಆಯ್ದ ಉನ್ನತ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಪ್ರವೇಶ ಪಡೆದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ಸಿಗುತ್ತದೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದು ಇಲ್ಲ.

ಸಾಲಕ್ಕಿಂತ ಮೊದಲು ಮನೆಯ ಖರ್ಚಿನ ಕಡೆಗೂ ಕಣ್ಣು ಹಾಯಿಸಬೇಕು. ಮಗಳ ಮದುವೆಗೆಂದು ಆಕೆ ಹುಟ್ಟಿದ ದಿನದಿಂದ ಚಿನ್ನ ಕೂಡಿಡುವ ನಾವು, ಆಕೆಯ ಕಾಲೇಜಿಗೆಂದು ತಿಂಗಳಿಗೆ ಐನೂರು ರೂಪಾಯಿ ಎತ್ತಿಡುತ್ತೇವೆಯೇ?

ಕ್ಯಾಲೆಂಡರ್ ಗೋಡೆಯ ಮೇಲಿರಲಿ

ಮೋಸದ ವೆಬ್‌ಸೈಟ್‌ಗಳ ಬಗ್ಗೆ ಒಂದು ಎಚ್ಚರಿಕೆ. ಸರಕಾರಿ ಪೋರ್ಟಲ್‌ಗಳ ವಿಳಾಸ ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್ಐಸಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಎಸ್ಎಸ್‌ಪಿಯಲ್ಲೂ ರಾಷ್ಟ್ರೀಯ ಪೋರ್ಟಲ್‌ನಲ್ಲೂ ಅರ್ಜಿಗೆ ಶುಲ್ಕವಿಲ್ಲ. ಸೈಬರ್ ಸೆಂಟರ್‌ನವರಿಗೆ ಕೊಡುವುದು ಅವರ ಕೂಲಿ ಮಾತ್ರ. ಒಟಿಪಿಯನ್ನು ಫೋನ್‌ನಲ್ಲಿ ಯಾರಿಗೂ ಹೇಳಬಾರದು. ಪಾಸ್‌ವರ್ಡನ್ನು ಮನೆಯ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ, ಸೈಬರ್ ಸೆಂಟರ್‌ನವರ ನಂಬರನ್ನೇ ಅರ್ಜಿಯಲ್ಲಿ ಕೊಟ್ಟು ಬರಬೇಡಿ.

ಇದೆಲ್ಲ ಪಿಯುಸಿ ಫಲಿತಾಂಶದ ಮರುದಿನ ಮಾಡುವ ಕೆಲಸವಲ್ಲ. ಮಗಳು ಎಸೆಸೆಲ್ಸಿ ಮುಗಿಸಿದ ರಜೆಯಲ್ಲೇ ಹೆಸರು, ಆಧಾರ್, ಬ್ಯಾಂಕ್ ಖಾತೆ ಸರಿಪಡಿಸಿ. ಪ್ರಥಮ ಪಿಯುಸಿಯಲ್ಲಿ ಯಾವ ಕೋರ್ಸು, ಯಾವ ಪರೀಕ್ಷೆ ಎಂದು ಅವಳ ಅಭಿರುಚಿ ಕೇಳಿ ತೀರ್ಮಾನಿಸಿ. ದ್ವಿತೀಯ ಪಿಯುಸಿಯ ಡಿಸೆಂಬರ್‌ಗೆ ಮುಂಚೆ ಪ್ರಮಾಣಪತ್ರಗಳು ಕೈಯಲ್ಲಿರಲಿ. ಹೊಸ ವರ್ಷದ ಆರಂಭದಿಂದ ವಾರಕ್ಕೊಮ್ಮೆ ಕೆಇಎ ಪ್ರಕಟಣೆ ನೋಡಿ. ಕಾಲೇಜು ಸೇರಿದ ಮೇಲೆ ಎಸ್ಎಸ್‌ಪಿ ಮತ್ತು ರಾಷ್ಟ್ರೀಯ ಪೋರ್ಟಲ್‌ನ ಕೊನೆಯ ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ತಾಯಂದಿರು ‘ನನಗೆ ಇಂಗ್ಲಿಷ್ ಬಾರದು, ಇದೆಲ್ಲ ಗಂಡಸರ ಕೆಲಸ’ ಎಂದು ಹಿಂದೆ ಸರಿಯಬಾರದು. ದಾಖಲೆಗಳನ್ನು ಜೋಪಾನ ಮಾಡಲು, ದಿನಾಂಕ ನೆನಪಿಡಲು, ಮಗಳನ್ನು ಕರೆದುಕೊಂಡು ನಾಡಕಚೇರಿಗೆ ಹೋಗಿ ಬರಲು ಇಂಗ್ಲಿಷ್ ಬೇಕಿಲ್ಲ. ಮನೆಯಲ್ಲಿ ಒಬ್ಬಳು ದಾರಿ ಕಂಡುಕೊಂಡರೆ ತಂಗಿಗೆ, ನಾದಿನಿಯ ಮಗಳಿಗೆ, ಪಕ್ಕದ ಮನೆಯ ಹುಡುಗಿಗೆ ಅದೇ ದಾರಿ ಸುಲಭವಾಗುತ್ತದೆ. ಈ ಬಾರಿ ನಿಮ್ಮ ಮನೆಯ ಅರ್ಜಿಯನ್ನು ತುಂಬಿ ಮುಗಿಸಿದ ಮೇಲೆ, ಅರ್ಜಿ ತುಂಬುವವರಿಲ್ಲದ ಇನ್ನೊಂದು ಮನೆಯ ಬಾಗಿಲನ್ನೂ ತಟ್ಟಿ ನೋಡಿ.